ಇಲ್ಲದ ಮುಳ್ಳು

ಬೊರಿವಲಿ, ೧೪ ಮೇ ೧೯೫೬

ಪೂಜ್ಯ ಅಪ್ಪನವರಿಗೆ ನೀಲಾಂಬಿಕೆಯ ನಮಸ್ಕಾರಗಳು.

ನಿನ್ನೆ ತೊಳೆದಿಟ್ಟ ಚಪ್ಪಲಿಗಳಲ್ಲಿ ಬಲಗಾಲಿನದು ಇವತ್ತು ಬೆಳಿಗ್ಗೆ ಒಣಗಿತ್ತು, ಎಡಗಾಲಿನದು ಒಣಗಿರಲಿಲ್ಲ. ಅದರ ಅಟ್ಟೆ ದಪ್ಪವಲ್ಲವೆ.

ಗಂಡಿನವರೆದುರು ಕೂತೇ ಇದ್ದರೆ ನನ್ನ ಗಿಡ್ಡ ಕಾಲು ಕಾಣುವುದಿಲ್ಲವೆಂದು ಕಾಕಾ-ಕಾಕು ನಿನ್ನೆ ಗೋರಾಯಿ ಖಾಡಿಯ ಹಿನ್ನೀರಿನಲ್ಲಿ ದೋಣಿವಿಹಾರ ಇಟ್ಟುಕೊಂಡಿದ್ದರು. ಸಮುದ್ರ ಇಳಿಯುವ ಹೊತ್ತು ಧಾರವಾಡದ ನಮಗೆಲ್ಲಿ ತಿಳಿಯಬೇಕು? ಬರುವಾಗ ನೀರಿಳಿದು ದೋಣಿ ಕೆಸರಿನಲ್ಲಿ ಕೂತಿತು. ಎಲ್ಲರೂ ಇಳಿದು, ಕೆಸರಾದ ಚಪ್ಪಲಿ ಬಿಚ್ಚಿ, ಗದ್ದೆಯ ಬದುವಿನ ಮೇಲೆ ಒಂದು ಮೈಲಿ ಬರಿಗಾಲಲ್ಲಿ ನಡೆಯಬೇಕಾಯಿತು; ನನ್ನವನ್ನು ಕಾಕು ಚೀಲಕ್ಕೆ ಹಾಕಿಕೊಂಡರು.

"ಯಾಕವ್ವಾ, ಕುಂಟಾಕತ್ತೀಯಲ್ಲ?" ಎಂದರು ಹುಡುಗನ ತಾಯಿ ಮಲ್ಲವ್ವನವರು.

"ಮುಳ್ಳು ನೆಟ್ಟೈತ್ರಿ," ಎಂದರು ಕಾಕು, ನಾನು ಬಾಯಿ ತೆರೆಯುವ ಮೊದಲೇ.

ಮಲ್ಲವ್ವನವರು ತಾಳಿಸರದ ಪಿನ್ನು ಬಿಚ್ಚಿ, ಬದುವಿನ ಮೇಲೆ ಕೂತು, ಕೆಸರಾದ ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಮುಳ್ಳು ಹುಡುಕಿದರು. "ಎಲ್ಲಿ ನೋಯಾಕತ್ತೈತಿ, ಹೇಳವ್ವಾ," ಎಂದಾಗ ನಾನು ಸುಮ್ಮನೆ ಒಂದು ಕಡೆ ಬೆರಳು ತೋರಿಸಿದೆ.

ಸ್ಟೇಷನ್ನಿನಲ್ಲಿ ಅವರು, "ಹುಡುಗಿ ನಮಗ ಪಸಂದ್ ಬಂದಾಳ್ರಿ. ಮುಳ್ಳು ಒಳಗ ಉಳದಿರಬೇಕು, ಅರಿಶಿಣ ಬಿಸಿಮಾಡಿ ಕಟ್ರಿ," ಎಂದು ಹೇಳಿ ಹೋದರು. ಮನೆಗೆ ಬಂದು ಕಾಕು, "ಮುಳ್ಳೇ ನಿನ್ನ ಲಗ್ನಾ ಮಾಡಿಸ್ತು ನೋಡು!" ಎಂದು ನಕ್ಕರು. ಬಿ.ಎ. ಓದಿದರೂ ಹಿರಿಯರಿಗೆ ಎದುರಾಡಲು ನನಗೆ ಬರಲಿಲ್ಲ. ಕಾಲಿನ ಮಾತೆತ್ತಬೇಡವೆಂದು ನೀವೂ ಬರೆದಿದ್ದಿರಿ.

ದಯವಿಟ್ಟು ಈಗಲೇ ಮುಹೂರ್ತ ಕೇಳಿಸಬೇಡಿ. ಮಧ್ಯಾಹ್ನದ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ನಾನೊಬ್ಬಳೇ ವಿಕ್ರೋಳಿಗೆ ಅವರ ಮನೆಗೆ ಹೋಗುತ್ತೇನೆ. ಕಾಲು ಹುಟ್ಟಿನಿಂದಲೇ ಹೀಗೆ ಎಂದು ಮಲ್ಲವ್ವನವರಿಗೆ ಹೇಳುತ್ತೇನೆ. ಕಾಕುವಿಗೆ ತಿಳಿಸಿಲ್ಲ.

ನಿಮ್ಮ ಮಗಳು,
ನೀಲಾ