ಗಡಿಯಾರದ ನಾಲ್ಕು ತಿರುಪು

ಅಪ್ಪಾ,

ಮಣ್ಣು ಸೇರಿದ ಮೇಲಾದರೂ ನೀನು ಇವತ್ತು ಸಿಕ್ಕಿಬಿದ್ದೆ ನೋಡು!

ನಿನ್ನ ಬೇಟೆ ಬಂದೂಕಿಗೆ ಗುರಿ ನೋಡುವ ದುರ್ಬೀನು ಕೂರಿಸಲು ಟೂರ್ಕೆಲ್‌ನ ಬಂದೂಕಿನಂಗಡಿಗೆ ಒಯ್ದಿದ್ದೆ. ಅವನು ಅದರ ಮೇಲಿನ ಕಿರೀಟದ ಮುದ್ರೆ ನೋಡಿ, "ಸೈನ್ಯದ್ದು, ೧೯೧೩ರದು. ಒಳ್ಳೇ ಮಾಲು" ಎಂದು ಸ್ಪಿರಿಟ್ಟಿನಲ್ಲಿ ಒರೆಸಿದ. ಕಪ್ಪು ಬಣ್ಣ ಎದ್ದು ನಾಲ್ಕು ಹಿತ್ತಾಳೆ ತಿರುಪು ಹೊಳೆದವು.

"ಏನಮ್ಮ ಗುನ್‌ವೋರ್, ಇದಕ್ಕೆ ಆಗ್ಲೇ ದುರ್ಬೀನು ಕೂರ್ಸಿ ಬಿಚ್ಚಿದಾರೆ! ಯಾವ ಪುಣ್ಯಾತ್ಮನೋ ಸೊಟ್ಟಗೆ ಕೊರೆದಿದಾನೆ."

ಅವು ನಮ್ಮ ಗೋಡೆ ಗಡಿಯಾರದ ತಿರುಪುಗಳು. ಅಮ್ಮ ಕಳೆದಳೆಂದು ಬೈದೆಯಲ್ಲ, ಅವೇ. ನೀನೇ ಕದ್ದು ದುರ್ಬೀನು ಕೂರಿಸಿ ನೋಡಿ, ಬಿಚ್ಚಿದ ಮೇಲೆ ತೂತುಗಳನ್ನು ಅವುಗಳಿಂದ ಮುಚ್ಚಿ ಬಣ್ಣ ಬಳಿದಿದ್ದೆ! "ದುರ್ಬೀನು ಬೇಕಾದೋರು ಮನೇಲಿ ಕೂತು ಹೆಣಿಗೆ ಹಾಕ್ಲಿ" ಎಂದು, ದುರ್ಬೀನು ಕೇಳಿದ ನನ್ನನ್ನು ಎಲ್ಲರೆದುರು ಹಂಗಿಸಿದ್ದೆ. ನಾನು ಬೇಟೆಗುಂಪನ್ನೇ ಬಿಟ್ಟೆ. ಗಡಿಯಾರ ಅಟ್ಟ ಸೇರಿದ್ದು ಅದೇ ಚಳಿಗಾಲ. ಆಮೇಲೆ ಆರು ವರ್ಷ ಬೇಟೆಗೆ ಬಾ ಎಂದು ನೀನೂ ಹೇಳಲಿಲ್ಲ, ಬರಲಾ ಎಂದು ನಾನೂ ಕೇಳಲಿಲ್ಲ.

"ಮುಚ್ಚಿ ಹೊಸ ತೂತು ಕೊರೀಲಾ?"

"ಬೇಡಪ್ಪ, ಅವುಗಳಲ್ಲೇ ಕೂರ್ಸು."

ಅವನು ಗೊಣಗುತ್ತಲೇ ತಿರುಪು ಬಿಚ್ಚಿ ನನ್ನ ಕೈಗಿತ್ತು, ದುರ್ಬೀನಿನ ಕೆಳಗೆ ತಗಡಿನ ಚೂರು ಕೊಟ್ಟು ಸರಿಮಾಡಿದ.

ಮಧ್ಯಾಹ್ನ ಮತ್ತೆ ಗುಂಪಿನ ಜೊತೆ ಗುರಿ ಅಭ್ಯಾಸಕ್ಕೆ ಹೋದೆ. ಹಳಿಯ ಮೇಲೆ ಓಡುವ ಹಲಗೆಯ ಮೂಸ್ ಜಿಂಕೆಯ ಎದೆಗೇ ನನ್ನ ನಾಲ್ಕೂ ಗುಂಡು ಬಿದ್ದವು! ಕಾಫಿ ಕಾಯುವ ಬೆಂಕಿಯ ಬಳಿ ನಿನ್ನ ಗೆಳೆಯ ಬಿರ್ಯೆರ್, "ನಿಮ್ಮಪ್ಪ ಇದ್ದಿದ್ರೆ ಆ ದುರ್ಬೀನು ಕಿತ್ತು ಹೊಳೆಗೆ ಎಸೀತಿದ್ದ ಕಣೇ!" ಎಂದ. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಆದರೂ ಬಾಯಿ ಬಿಡಲಿಲ್ಲ. ನಿನ್ನ ಸೊಟ್ಟ ತೂತುಗಳ ಮೇಲೆ ಈಗ ನನ್ನ ದುರ್ಬೀನು ಕೂತಿದೆ, ಯಾರಿಗೂ ಕಾಣುವುದಿಲ್ಲ.

ತಿರುಪುಗಳನ್ನು ಮಾತ್ರ ಅಮ್ಮನ ಕೈಗೆ ಹಾಕಿ, ಎಲ್ಲಿ ಸಿಕ್ಕವೆಂದು ಹೇಳಿದೆ. ತಿರುಗಿಸಿ ತಿರುಗಿಸಿ ನೋಡಿದಳು. "ಅಯ್ಯೋ, ಕಳ್ಳ ಮುದುಕ!" ಎಂದು ನಗುತ್ತಾ ಗಡಿಯಾರ ಇಳಿಸಲು ಅಟ್ಟ ಹತ್ತಿದಳು.