ಹೌದು ಎಂದು ಬರೆದವನಿಗೆ

ಮನೆಯಿಂದ,
ಜೂನ್ ೯, ಸೋಮವಾರ

ನನ್ನ ಮುದ್ದು ಗುಂಡನಿಗೆ,

ಅಜ್ಜಿಯ ಆಶೀರ್ವಾದ. ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿನ್ನ ಸ್ನೇಹಿತ ಚೆನ್ನಾಗಿದ್ದಾನೆಯೇ? ಸ್ನೇಹಿತ ಎಂದರೆ ಸಾಲದೇನೋ; ಸರಿಯಾದ ಮಾತು ಯಾವುದೆಂದು ತಿಳಿಸು, ಕಲಿಯುತ್ತೇನೆ. ನನ್ನ ಮಂಡಿನೋವು ಇದ್ದಲ್ಲೇ ಇದೆ. ನಿನ್ನ ಅಕ್ಕ ಎದ್ದು ಓಡಾಡುತ್ತಿದ್ದಾಳೆ. ಮಗುವಿನ ಗಂಟಲು ಮಾತ್ರ ನಿನ್ನದೇ. ಅತ್ತರೆ ಮೂರು ಮನೆಗೆ ಕೇಳಿಸುತ್ತದೆ.

ಆವತ್ತು ಹೇಳದೆ ಕೇಳದೆ ರೈಲು ಹತ್ತಿದೆಯಲ್ಲ, ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಹೆರಿಗೆಯಾದ ಮೇಲೆ ಅಕ್ಕನಿಗೆ ರಕ್ತ ನಿಲ್ಲಲಿಲ್ಲ. ಅವಳದು ಸುಲಭಕ್ಕೆ ಸಿಗದ ಗುಂಪು. ಮನೆಯಲ್ಲಿ ಅದು ಇರುವುದು ನಿನಗೊಬ್ಬನಿಗೆ. ನೀನು ಅಂಗಿಯ ತೋಳು ಮಡಚಿಕೊಂಡೇ ಆಸ್ಪತ್ರೆಯ ರಕ್ತನಿಧಿಗೆ ಓಡಿದೆ. ಅಲ್ಲಿ ಕೊಟ್ಟ ಹಾಳೆಯಲ್ಲಿ, ಗಂಡಸರೊಡನೆ ಸಂಬಂಧವಿದೆಯೇ ಎಂಬ ಪ್ರಶ್ನೆಗೆ 'ಹೌದು' ಎಂದು ಬರೆದೆ. ಕೌಂಟರಿನವನು ನಮ್ಮೆಲ್ಲರ ಮುಂದೆ, "ಇಂಥವರದ್ದು ತಗೊಳ್ಳಲ್ಲ, ಮುಂದಿನವರು ಬನ್ನಿ" ಎಂದ. ನಿನ್ನಪ್ಪ ಗೋಡೆಯ ಕಡೆ ತಿರುಗಿ ನಿಂತ. ಬೇರೆ ಆಸ್ಪತ್ರೆಯಿಂದ ರಕ್ತ ಬರುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು, ಅವಳ ತುಟಿ ಬಿಳಿಚಿಕೊಂಡಿತ್ತು. ಸುಳ್ಳು ಬರೆದಿದ್ದರೆ ನಿನ್ನದನ್ನೇ ತೆಗೆದುಕೊಳ್ಳುತ್ತಿದ್ದರು. ನಿಜ ಬರೆದದ್ದಕ್ಕೆ ಶಿಕ್ಷೆ!

ಮೂವತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ದುಡಿದವಳು ನಾನು, ಸುಮ್ಮನಿರುತ್ತೇನೆಯೇ? ನಾಲ್ಕನೇ ದಿನ ಕೋಲು ಹಿಡಿದು ಹೋಗಿ ರಕ್ತನಿಧಿಯ ಅಧಿಕಾರಿಯ ಎದುರು ಕುಳಿತೆ. ಪ್ರತಿ ಚೀಲವನ್ನೂ ಪರೀಕ್ಷೆ ಮಾಡ್ತೀರಲ್ಲ ಎಂದೆ. "ಮಾಡ್ತೀವಮ್ಮ, ಆದ್ರೆ ರೋಗ ಹೊಸದಾಗಿ ತಗುಲಿದ್ರೆ ಪರೀಕ್ಷೇಲಿ ಕಾಣಲ್ಲ" ಎಂದ. ಅದು ನನಗೂ ಗೊತ್ತು, ಒಪ್ಪಿದೆ. "ಹಾಗಾದ್ರೆ ಇತ್ತೀಚೆಗೆ ಹೊಸಬರ ಸಹವಾಸ ಮಾಡಿದ್ದೀರಾ ಅಂತ ಗಂಡು ಹೆಣ್ಣು ಎಲ್ಲರನ್ನೂ ಕೇಳಿ. ನನ್ನ ಮೊಮ್ಮಗ ಏಳು ವರ್ಷದಿಂದ ಒಬ್ಬನ ಜೊತೆಗೇ ಬಾಳ್ತಿದ್ದಾನೆ. ನಿಮ್ಮ ಕೌಂಟರಿನವರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳ್ತೀರಾ?" ಎಂದೆ. ಪಾಪ, ಕೆಮ್ಮಿದ. ನಿಯಮ ಮೇಲಿನಿಂದ ಬರುತ್ತೆ ಎಂದ. "ಮೇಲೆ ಅಂದ್ರೆ ಎಷ್ಟನೇ ಮಹಡಿ? ಲಿಫ್ಟ್ ಇದೆಯಾ?" ಎಂದೆ.

ಅಲ್ಲಿಂದ ಶುರುವಾಯಿತು ನೋಡು. ಆ ನಿಯಮ ಬದಲಿಸಿ ಎಂದು ಅರ್ಜಿ ಬರೆದು, ನನ್ನ ಜೊತೆ ದುಡಿದ ನರ್ಸುಗಳು, ಆಯಾಗಳು, ಎಲ್ಲರ ಮನೆಬಾಗಿಲು ತಟ್ಟಿದೆ. ಕೆಲವರು ಬಾಗಿಲು ತೆರೆಯಲಿಲ್ಲ. ಅರವತ್ತಮೂರು ಜನ ಸಹಿ ಹಾಕಿದರು. ನಿನ್ನ ಚಿಕ್ಕಪ್ಪ, "ಮನೆ ಮಾತು ಬೀದಿಗೆ ಯಾಕಮ್ಮ?" ಎಂದು ಕುಣಿದಾಡಿದ. ಬೀದಿಗೆ ತಂದವನು ಆ ಕೌಂಟರಿನವನು, ನಾನು ಅದನ್ನು ತಲೆಯೆತ್ತಿ ನಡೆಸುತ್ತಿದ್ದೇನೆ ಅಷ್ಟೇ ಎಂದೆ. ಎರಡು ದಿನ ಮಾತು ಬಿಟ್ಟಿದ್ದ, ಮನೆ ತಣ್ಣಗಿತ್ತು.

ನಿಯಮ ಇನ್ನೂ ಬದಲಾಗಿಲ್ಲ, ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ಇಪ್ಪತ್ತನೇ ತಾರೀಕು ಶುಕ್ರವಾರ ನಿಯಮ ಮಾಡುವ ಸಮಿತಿಯವರು ಅರ್ಜಿ ಹಿಡಿದು ಬನ್ನಿ ಎಂದು ನಮ್ಮನ್ನು ಕರೆದಿದ್ದಾರೆ. ಅರ್ಜಿಯಲ್ಲಿ ನಿನ್ನ ಹೆಸರು ಬರೆದಿಲ್ಲ. ಅದು ನಿನ್ನದು, ಬರೆಯುವುದಾದರೆ ನೀನೇ ಬರೆಯಬೇಕು. ನೀನು ಬಂದರೆ ಸಂತೋಷ, ಬರದಿದ್ದರೂ ನಾನು ಮಾತಾಡುತ್ತೇನೆ. ಅವರು ಸಾಕು ಎಂದರೂ ಮಾತಾಡುತ್ತೇನೆ.

ಅವನಿಗೂ ನನ್ನ ಆಶೀರ್ವಾದ ಹೇಳು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಹಟಮಾರಿ
ಅಜ್ಜಿ

ಮರೆತೇಬಿಟ್ಟಿದ್ದೆ: ನಿನ್ನಪ್ಪನ ಹತ್ತಿರ ನಾನು ಸಹಿ ಕೇಳಿರಲಿಲ್ಲ. ಇವತ್ತು ಸಮಿತಿಗೆ ಒಯ್ಯುವ ಅರ್ಜಿಯನ್ನು ಲಕೋಟೆಗೆ ಹಾಕುವ ಮುಂಚೆ ಸಹಿ ಎಣಿಸಿದರೆ ಅರವತ್ತನಾಲ್ಕು! ಕೊನೆಯಲ್ಲಿ ಅವನ ಸೊಟ್ಟ ಅಕ್ಷರ. ಏನೋ ಇದು ಎಂದರೆ ಪೇಪರಿನಿಂದ ತಲೆ ಎತ್ತದೆ, "ಯಾವ ರೈಲಿಗೆ ಬರ್ತಾರಂತೆ? ಸ್ಟೇಷನ್ನಿಗೆ ಹೋಗ್ಬೇಕಲ್ಲ" ಎಂದ. ಬರ್ತಾರಂತೆ ಎಂದ ಕಣೋ ಗುಂಡಾ, ಬರ್ತಾನಂತೆ ಎನ್ನಲಿಲ್ಲ.