ಪಕ್ಕದ ಹೊಲದ ಒಂದು ಹಿಡಿ ಮಣ್ಣು

ಅಮ್ಮಾ,

ಇವತ್ತು ನಮ್ಮ ಗುಂಪಿನವರೆಲ್ಲ ಬೀಜದ ಕೊಠಡಿಯಲ್ಲಿ ಸೇರಿದ್ದೆವು. ನೀನು ಹಾಕಿಕೊಟ್ಟ ಪದ್ಧತಿಯಂತೆ, ಬಿತ್ತನೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ಹೊಲದ ಒಂದು ಹಿಡಿ ಮಣ್ಣು ತಂದಿದ್ದರು. ಕೈಯಿಂದ ಕೈಗೆ ದಾಟಿಸಿ ಮೂಸಿ ನೋಡುವುದು, ಯಾರ ಮಣ್ಣು ಸೊರಗಿದೆಯೋ ಅವರಿಗೆ ಉಳಿದವರು ಗೊಬ್ಬರ ಕೊಡುವುದು.

ನಮ್ಮ ಮಣ್ಣಿಗೆ ಈಗ ವಾಸನೆಯೇ ಇಲ್ಲ. ನೀನು ಹೋದ ಮೇಲೆ ಕಳೆ ಕೀಳಲು ನನಗೆ ಮೈ ಬಗ್ಗಲಿಲ್ಲ. ಯಾರಿಗೂ ಹೇಳದೆ ಕಳೆನಾಶಕ ಹೊಡೆದುಬಿಟ್ಟೆ. ನಿನ್ನ ಹೊಲ ಸೊರಗಿದೆ ಎಂಬ ಮಾತು ಕೇಳಲಾರದೆ, ಬೆಳಗ್ಗೆ ಬದು ದಾಟಿ ಅತ್ತೆಯ ಹೊಲದಿಂದ ಒಂದು ಹಿಡಿ ತೆಗೆದುಕೊಂಡು ಹೋದೆ.

ಎಲ್ಲರೂ ಮೂಸಿದರು. "ತಾಯಿ ಕೈಗುಣ ಮಗನಿಗೂ ಬಂದಿದೆ ಬಿಡಯ್ಯ," ಅಂದರು ಬಡಗಿ ಮಾವ. ನಾನೂ ತಲೆಯಾಡಿಸಿದೆ. ಕೊನೆಗೆ ಅದು ಅತ್ತೆಯ ಕೈಗೆ ಹೋಯಿತು. ಅವರು ಮೂಸಿ, ಬೆರಳಲ್ಲಿ ಉಜ್ಜಿ, ನನ್ನ ಮುಖ ನೋಡಿದರು.

"ಚೆನ್ನಾಗಿದೆ," ಅಂದು ನನಗೇ ವಾಪಸ್ ಕೊಟ್ಟರು.

ಸಂಜೆ ಅದನ್ನು ತೆಗೆದ ಜಾಗಕ್ಕೇ ಹಾಕಲು ಹೋದರೆ ಅತ್ತೆ ಬದುವಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಗೊಬ್ಬರ ತುಂಬಿದ ಎರಡು ಬುಟ್ಟಿ, ಮೇಲೆ ಗೋಣಿಚೀಲ ಮುಚ್ಚಿತ್ತು.

"ಅದನ್ನ ನಿನ್ನ ಹೊಲಕ್ಕೇ ಹಾಕ್ಕೋ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಇವನ್ನೂ ತಗೊಂಡು ಹೋಗು. ಈಗ ಬೇಡ ಅನ್ನಿಸಿದ್ರೆ ಕತ್ತಲಾದ ಮೇಲೆ ಬಾ, ನಾನು ಒಳಗಿರ್ತೀನಿ."

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಇನ್ನೂ ಬೆಳಕಿದೆ. ಕತ್ತಲಾಗಲಿ ಎಂದು ಕಾಯುತ್ತಿದ್ದೇನೆ, ಅಮ್ಮಾ.